ಸುತ್ತು ಹಾಕಿದರೆ ಮುಂದಿನ ಕಥೆ

ಮಾರ್ಚ್ ೪, ಸಂಜೆ

ಇವತ್ತೂ ಕಾಲರ್ ಕೆಲಸವೇ. ಸ್ಕೂಲ್ ಯೂನಿಫಾರ್ಮ್ ಆರ್ಡರ್ ಮುಗಿಯುವ ಹಾಗಿಲ್ಲ. ಹೊಲಿಗೆ ಮಿಷನ್ ಮುಂದೆ ಕೂತು ಕೂತು ಸೊಂಟ ಮರಗಟ್ಟಿದೆ. ಊಟದ ಹೊತ್ತಿಗೆ ಕಾಲೇಜಿನಿಂದ ಒಬ್ಬಳು ರಿಸರ್ಚ್ ಹುಡುಗಿ ಬಂದಳು. ಕೂತು ದುಡಿಯುವ ಹೆಂಗಸರು ದಿನಾ ನಡೆದರೆ ಏನು ಗುಣ ಅಂತ ನೋಡಬೇಕಂತೆ. ಚೀಟಿ ಎತ್ತಿಸಿದಳು. ಪಕ್ಕದ ಮಿಷನ್ನಿನಲ್ಲಿ ಕೂರುವ ನನ್ನ ಓರಗಿತ್ತಿಗೆ ನಡೆಯುವ ಗುಂಪು ಬಂತು. ನನಗೆ ‘ಇದ್ದ ಹಾಗೇ ಇರುವ’ ಗುಂಪು.

“ನಾನೇನ್ ಮಾಡ್ಬೇಕಮ್ಮ?”

“ಏನೂ ಮಾಡ್ಬಾರ್ದಮ್ಮ. ಮೂರು ತಿಂಗಳು ವಾಕಿಂಗ್ ಗೀಕಿಂಗ್ ಶುರು ಮಾಡ್ಬೇಡಿ. ನೀವು ಹೀಗೇ ಇದ್ರೆ ತಾನೆ, ನಡೆದವ್ರಿಗೆ ಏನು ಉಪಯೋಗ ಆಯ್ತು ಅಂತ ಗೊತ್ತಾಗೋದು?”

ದೇವರಾಣೆಗೂ ಮಾಡುವುದಿಲ್ಲ ಅಂದೆ. “ಆಣೆ ಎಲ್ಲಾ ಬೇಡ, ಸೈನ್ ಸಾಕು” ಅಂದಳು. ಎರಡೂ ಕೊಟ್ಟೆ.

ಮಾರ್ಚ್ ೯

ಓರಗಿತ್ತಿ ಹೊಸ ಶೂ ಹಾಕಿಕೊಂಡು ಬಾಗಿಲವರೆಗೆ ಹೋದಳು. ವಾಪಸ್ ಬಂದಳು.

“ಒಬ್ಳೇ ಹೆಂಗೆ ಹೋಗ್ಲಿ ಅಕ್ಕ? ಏನೋ ಕಳ್ಕೊಂಡೋಳ ಹಾಗೆ ಸುತ್ತೋದಾ? ನೀನೂ ಬಾ.”

“ಆಗಲ್ಲ ಕಣೇ. ಮಾತು ಕೊಟ್ಟಿದ್ದೀನಿ.”

ಮುಖ ಊದಿಸಿಕೊಂಡಳು. ಡಾಕ್ಟರ್ ಅವಳಿಗೆ ಖಡಾಖಂಡಿತ ಹೇಳಿದ್ದಾರೆ — ಮೂರು ತಿಂಗಳಲ್ಲಿ ಶುಗರ್ ಇಳಿಯದಿದ್ದರೆ ಇನ್ಸುಲಿನ್ ಇಂಜೆಕ್ಷನ್. ದಿನವಿಡೀ ಸೂಜಿ ಹಿಡಿಯುವವಳಿಗೆ ಆ ಸೂಜಿ ಅಂದರೆ ಮಾತ್ರ ಥರಥರ. ದೇವರೇ, ನನ್ನ ಮಾತೂ ಉಳಿಯಬೇಕು, ಇವಳೂ ನಡೆಯಬೇಕು. ದಾರಿ ತೋರಿಸು.

ಮಾರ್ಚ್ ೧೧

ತೋರಿಸಿದ!

ಮನೆ ಎದುರಿನ ಪಾರ್ಕಿನಲ್ಲಿ ಗೇಟಿನ ಪಕ್ಕದ ಬೆಂಚು. ಸಂಜೆ ಅಲ್ಲಿ ಕೂರುವುದು ನನ್ನ ಹಳೇ ರೂಢಿ, ಹೊಸದೇನಲ್ಲ. ಓರಗಿತ್ತಿಯನ್ನೂ ಎಳೆದುಕೊಂಡು ಹೋದೆ.

“ನಿನ್ನ ಗಂಡ ನಿನಗಿಂತ ಮುಂಚೆ ಯಾವ ಹುಡುಗೀನ ನೋಡೋಕೆ ಹೋಗಿದ್ದ, ಗೊತ್ತಾ?”

“ಯಾವಳನ್ನ?!”

“ಒಂದು ಸುತ್ತು ಹಾಕ್ಕೊಂಡು ಬಾ. ಹೇಳ್ತೀನಿ.”

ಹೋದಳು. ಬಂದಳು. ಹುಡುಗಿ ಬಲು ಉದ್ದ ಅಂದೆ. “ಆಮೇಲೆ?” ಇನ್ನೊಂದು ಸುತ್ತು. ಏದುಸಿರು ಬಿಡುತ್ತ ಬಂದಳು. ಪಕ್ಕ ನಿಂತರೆ ಮೈದುನ ಅವಳ ಭುಜಕ್ಕೆ ಬರುತ್ತಿದ್ದ ಅಂದೆ. ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಲೇ ಮೂರನೆಯ ಸುತ್ತಿಗೆ ಹೊರಟಳು — ನಾನು ಹೇಳದೆಯೇ.

ಎಲ್ಲ ನಾನೇ ಕಣ್ಣಾರೆ ಕಂಡದ್ದು. ಒಂದು ಹನಿ ಸುಳ್ಳು ಬೆರೆಸಿಲ್ಲ.

ಮಾರ್ಚ್ ೨೦

ಮೈದುನ ಕೈಮುಗಿದ. “ಅತ್ತಿಗೆ, ನನ್ನ ಮರ್ಯಾದೆ ಮೂರು ಕಾಸಿಗಾಯ್ತು. ಸ್ಟೂಲ್ ಹತ್ತಿ ಮಾತಾಡಿಸ್ಬೇಕಿತ್ತು ಅಂತಾಳೆ.”

“ನಾಳೆ ಇಂಜೆಕ್ಷನ್ ನೀನು ಚುಚ್ತೀಯಾ?”

“ಅಯ್ಯೋ, ನನ್ ಕೈ ನಡುಗುತ್ತೆ.”

“ಹಾಗಾದ್ರೆ ಸುಮ್ನಿರಪ್ಪ.”

ತಲೆ ಕೆರೆದುಕೊಂಡ. ದನಿ ತಗ್ಗಿಸಿದ. “ಆ ಎರಡನೇ ಹುಡುಗಿ ವಿಷಯ ಮಾತ್ರ ಬೇಡ ಅತ್ತಿಗೆ.”

ಆಯಿತು ಅಂದೆ. ಆದರೆ ಬಾಗಿಲ ಹಿಂದೆ ಶೂ ಕಟ್ಟುತ್ತಿದ್ದವಳ ಕಿವಿಗೆ ಅದು ಬಿದ್ದಾಗಿತ್ತು.

ಏಪ್ರಿಲ್ ೭

ಎಡವಟ್ಟಾಯಿತು. ಉದ್ದದ ಹುಡುಗಿಯ ಕಥೆ ಎಳೆದೂ ಎಳೆದೂ ಮುಗಿಯಿತು. ಓರಗಿತ್ತಿಗೆ ಎರಡನೆಯವಳೇ ಬೇಕು. ನಾನು ಹೇಳುವುದಿಲ್ಲ ಅಂದೆ.

“ಹೇಳದಿದ್ರೆ ನಾನು ನಡೆಯಲ್ಲ.”

“ಕಾಲು ನಿನ್ನದು, ಶುಗರ್ ನಿನ್ನದು.”

“ಬಾಯಿ ಮಾತ್ರ ನಿನ್ನದು, ಅಲ್ವಾ ಅಕ್ಕ?”

ಶೂ ಮಂಚದ ಕೆಳಗೆ ಎಸೆದಳು. ಮೈದುನ ನನ್ನನ್ನು ನಂಬಿ ಹೇಳಿಕೊಂಡಿದ್ದು. ಹೇಗೆ ಬಾಯಿ ಬಿಡಲಿ?

ಏಪ್ರಿಲ್ ೧೯

ಬರೆಯುವುದಕ್ಕೆ ಮನಸ್ಸಿರಲಿಲ್ಲ. ಮಿಷನ್ ಪಕ್ಕ ಮಿಷನ್, ಮಾತಿಲ್ಲ. ಅವಳ ಶೂ ಮಂಚದ ಕೆಳಗೇ ಇತ್ತು. ದಿನಾ ಅವಳ ಹೆಸರಲ್ಲಿ ದೀಪ ಹಚ್ಚುತ್ತಿದ್ದೆ. ಕಡೆಗೆ ನಿನ್ನೆ ಮೈದುನನ ಹತ್ತಿರ ನೇರ ಹೇಳಿದೆ — “ನಿನ್ನ ಗುಟ್ಟು ನನ್ನ ಹೊಟ್ಟೆಯಲ್ಲಿ ಭದ್ರವಾಗಿದೆ. ಆದ್ರೆ ಅವಳು ಕೂತಲ್ಲೇ ಕೂತಿದ್ದಾಳೆ, ನೋಡ್ಕೋ.”

ಇವತ್ತು ಸಂಜೆ ಅವನೇ ಬಗ್ಗಿ ಶೂ ತೆಗೆದು ಅವಳ ಮುಂದಿಟ್ಟ. “ನಡಿ, ನಾನೇ ಹೇಳ್ತೀನಿ. ಅತ್ತಿಗೆ ಮುಂದೆ ಬೇಡ, ನಾಚಿಕೆ.”

ಇಬ್ಬರೂ ನಡೆದರು. ನಾನು ಬೆಂಚಿನಲ್ಲಿ. ಅವನು ಆ ಎರಡನೇ ಹುಡುಗಿಯನ್ನು ಮನಸಾರೆ ಒಪ್ಪಿದ್ದ; ಅವಳೇ ಇವನನ್ನು ಬೇಡ ಅಂದಿದ್ದಳು. ಊಟ ಬಿಟ್ಟು ಅತ್ತಿದ್ದ, ಪಾಪ. ಅದನ್ನು ಹೇಳುತ್ತಿರಬೇಕು — ಒಂದು ಸುತ್ತು ಓರಗಿತ್ತಿ ತಲೆ ತಗ್ಗಿಸಿಕೊಂಡು ಬಂದಳು. ಮುಂದಿನ ಸುತ್ತಿನಲ್ಲಿ ಅವನ ಬೆನ್ನಿಗೊಂದು ಗುದ್ದಿ, “ಅವಳಿಗೆ ಕಣ್ಣಿರ್ಲಿಲ್ಲ ಬಿಡಿ” ಅಂದದ್ದು ನನಗೂ ಕೇಳಿಸಿತು.

ಮೇ ೧೨

ದಿನಾ ಹೋಗುತ್ತಾರೆ. ಕಥೆ ಎಂದೋ ಮುಗಿದಿರಬೇಕು. ಏನು ಮಾತಾಡುತ್ತಾರೋ! ನನ್ನನ್ನು ದಾಟುವಾಗ ಮಾತ್ರ ಗಪ್‌ಚುಪ್.

ಜೂನ್ ೫

ರಿಸರ್ಚ್ ಹುಡುಗಿ ಕೊನೆಯ ಬಾರಿ ಬಂದಳು. “ಅಮ್ಮ, ನೀವು ಹೊಸದಾಗಿ ಏನೂ ಮಾಡ್ಲಿಲ್ಲ ತಾನೆ?”

“ಕಾಲಲ್ಲಿ ಏನೂ ಮಾಡ್ಲಿಲ್ಲಮ್ಮ. ಬಾಯಲ್ಲಿ ಮಾಡಿದೆ.” ಎಲ್ಲ ಹೇಳಿಬಿಟ್ಟೆ. ನಕ್ಕೂ ನಕ್ಕೂ ಅವಳ ಕಣ್ಣಲ್ಲಿ ನೀರು. ಹೀಗಿತ್ತು ಅಂತ ತನ್ನ ಮೇಡಂಗೂ ತಿಳಿಸಬೇಕಂತೆ. ತಿಳಿಸಲಿ.

ಮಧ್ಯಾಹ್ನ ಡಾಕ್ಟರ್ ಹತ್ತಿರ. ಶುಗರ್ ಇಳಿದಿದೆ! ಸದ್ಯಕ್ಕೆ ಇಂಜೆಕ್ಷನ್ ಬೇಡ, ನಡಿಗೆ ಮಾತ್ರ ಬಿಡಬೇಡಿ ಅಂದರು. ಓರಗಿತ್ತಿ ರಸ್ತೆಯಲ್ಲೇ ನನ್ನನ್ನು ತಬ್ಬಿಕೊಂಡಳು. ದೇವರು ದೊಡ್ಡವನು.

ಜೂನ್ ೬

ನನ್ನ ಮಾತಿನ ಗಡುವು ತೀರಿತು. ಸಂಜೆ ನಾನೂ ಹೊರಟೆ. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. “ಬಾ ಅಕ್ಕ” ಅಂದಳು… ಬಾಯಿಮಾತಿಗೆ. ನನಗೇನು ಅಷ್ಟೂ ತಿಳಿಯದೇ? ನೀವು ನಡೀರಪ್ಪ ಅಂದೆ. ಮೂರು ತಿಂಗಳ ಹಿಂದೆ ಒಬ್ಬಳೇ ಹೋಗಲಾರೆ ಅಂದವಳು, ಈಗ ಮೂರನೆಯವರು ಬೇಡ ಅನ್ನುತ್ತಾಳೆ!

ನಾನು ನಾಳೆ ಬೆಳಿಗ್ಗೆ ಹೋಗುತ್ತೇನೆ. ಒಬ್ಬಳೇ. ಮೊದಲ ಸುತ್ತಿಗೆ ದೇವರ ನಾಮ. ಎರಡನೆಯದಕ್ಕೆ ನಮ್ಮ ಯಜಮಾನರು ನನ್ನನ್ನು ನೋಡಲು ಬಂದ ದಿನ ನೆನೆಸಿಕೊಳ್ಳಬಹುದು, ಅವರು ಬಾಗಿಲಲ್ಲೇ ಎಡವಿ…