ಮೂರು ದಿನ ನಮ್ಮ ಮನೆಯಲ್ಲಿದ್ದವಳಿಗೆ

ಕುರುಗೋಡು
16-11-2025

ಜಯಶ್ರೀ ಟೀಚರಿಗೆ, ಮೊದಲು ಸಿರಿಗೇರಿಯಲ್ಲಿದ್ದ ಕೊಟ್ರಬಸಮ್ಮ ಮಾಡುವ ಶರಣು.

ಟೀಚರಿಗೆ ನೀನು ಎನ್ನಬಾರದು. ಆದರೆ ನನ್ನ ಕಣ್ಣಿಗೆ ನೀನಿನ್ನೂ ಹತ್ತು ವರ್ಷದವಳು.

ಮಕ್ಕಳ ದಿನಾಚರಣೆಗೆ ಶಾಲೆಯಲ್ಲಿ ನೀನು ತೋರಿಸಿದ ಸಿನಿಮಾವನ್ನು ಮೊಮ್ಮಗಳ ಜೊತೆ ಬಂದು, ಹಿಂದೆ ಕೂತು ನೋಡಿದೆ. ಯುದ್ಧಕ್ಕೆ ಹೆದರಿ ಪಟ್ಟಣದ ಮಕ್ಕಳನ್ನು ರೈಲಿನಲ್ಲಿ ಹಳ್ಳಿಗೆ ಕಳಿಸುತ್ತಾರೆ. ಕೊರಳಲ್ಲಿ ಹೆಸರಿನ ಚೀಟಿ. ಊರವರು ಬಂದು ಬೇಕಾದವರನ್ನು ಆರಿಸಿಕೊಂಡು ಹೋಗುತ್ತಾರೆ. ಬೇರೆ ಧರ್ಮದ ಹುಡುಗಿಯೊಬ್ಬಳು ಬೆಂಚಿನ ಮೇಲೆ ಉಳಿಯುತ್ತಾಳೆ. “ನಾ ಕರ್ಕಂಡು ಹೋಗ್ತೀನ್ರಿ ಟೀಚರ್” ಎಂದು ನನ್ನ ಮೊಮ್ಮಗಳು ಕೂಗಿದಳು. “ಹೋಗಲೇ, ನಿಮ್ಮಜ್ಜಿ ಹೊಸ್ತಿಲ ದಾಟಸ್ತಾಳೇನು ಕೇಳು!” ಎಂದಳು ಪಕ್ಕದವಳು. ಎಲ್ಲರೂ ನಕ್ಕರು. ನೀನು ನಗಲಿಲ್ಲ. ನಿಮ್ಮೂರಿಗೆ ಹೊಳೆ ನುಗ್ಗಿದ ವರ್ಷ ನಿನ್ನನ್ನೂ ಒಂದು ಮನೆಯವರು ಕರೆದೊಯ್ದಿದ್ದರು, ನೀನೊಂದು ಸುಳ್ಳು ಹೇಳಿದ್ದಕ್ಕೆ ವಾಪಸು ಬಿಟ್ಟರು ಎಂದು ನೀನೇ ಮಕ್ಕಳಿಗೆ ಹೇಳಿದೆ. ಅಲ್ಲಿದ್ದ ಗೆಳತಿ ಈಗ ಎಲ್ಲಿದ್ದಾಳೋ ಎಂದೆ.

ಆ ಮನೆ ನಮ್ಮದು.

ಸಿರಿಗೇರಿ ಶಾಲೆಯಲ್ಲಿ ತೆರೆದ ಗಂಜಿ ಕೇಂದ್ರದಿಂದ ನಿನ್ನನ್ನು ಕರೆತಂದವಳು ನನ್ನ ಮಗಳು ರಶ್ಮಿ. ನಿನ್ನ ಹಣೆಯಲ್ಲಿ ಮೂರೆಳೆ ವಿಭೂತಿ ಇತ್ತು. ನಮ್ಮವರ ಮಗು ಎಂದುಕೊಂಡು ಅಡುಗೆಮನೆಯಲ್ಲೇ ಕೂರಿಸಿ ಉಣಿಸಿದೆ. ಮೂರನೆಯ ದಿನ ನೀನು ನಿಮ್ಮೂರ ದಲಿತರ ಕೇರಿಯ ಮಾರೆಣ್ಣನ ಮಗಳೆಂದು ಗೊತ್ತಾಯಿತು. ಕೇಂದ್ರಕ್ಕೆ ಎಳೆದು ತಂದು, “ಇಭೂತಿ ಹಚ್ಕಂಡು ಬಂದು ನಮ್ಮನಿ ಮೈಲಿಗಿ ಮಾಡ್ಯಾಳ, ಸುಳ್ಳುಬುರುಕಿ” ಎಂದು ಎಲ್ಲರೆದುರು ಕೂಗಿದೆ. ನಿಮ್ಮವ್ವ ಜೋಗಮ್ಮ ಅವಮಾನ ತಾಳದೆ ನಿನ್ನ ಬೆನ್ನಿಗೆ ಗುದ್ದಿದಳು. “ಯಾರು ಹಚ್ಚಿದ್ರು ಹೇಳಲೇ” ಎಂದಳು. ನೀನು ಬಾಯಿ ಬಿಡಲಿಲ್ಲ.

ಹಚ್ಚಿದವಳು ರಶ್ಮಿ. ನಿನ್ನನ್ನು ಒಳಗೆ ಕರೆಯುವ ಮೊದಲು, ನಾನು ಬಿಟ್ಟುಕೊಳ್ಳಲಿ ಎಂದು. ಇದನ್ನು ಅವಳು ಕಳೆದ ವರ್ಷ ಬಳ್ಳಾರಿಯ ಆಸ್ಪತ್ರೆಯಲ್ಲಿ ನನಗೆ ಹೇಳಿದಳು. ಜ್ವರ ಎಂದು ಸೇರಿಸಿದ್ದೆವು. ಮತ್ತೆ ಮನೆಗೆ ಬರಲಿಲ್ಲ. ನೀನು ಕೇಳಿದ ಗೆಳತಿ ಈಗಿಲ್ಲ, ಮಗಳೇ. ಸಿನಿಮಾ ಮುಗಿದ ಮೇಲೆ ನಿನ್ನ ಹತ್ತಿರ ಬಂದು ಇಷ್ಟಾದರೂ ಹೇಳಬೇಕಿತ್ತು. ಮೊಮ್ಮಗಳ ಕೈ ಹಿಡಿದು ಹೊರಟುಬಿಟ್ಟೆ.

ಆ ಸುಳ್ಳನ್ನು ಇನ್ನು ಮೇಲೆ ಮಕ್ಕಳ ಮುಂದೆ ನೀನು ಹೊತ್ತುಕೊಳ್ಳಬೇಡ. ಈ ಪತ್ರವನ್ನು ತರಗತಿಯಲ್ಲಿ ಓದು. ನನ್ನ ಹೆಸರನ್ನೂ ಓದು. ಮೊಮ್ಮಗಳು ಸೌಂದರ್ಯ ಅಲ್ಲೇ ಕೂತಿರುತ್ತಾಳೆ, ಕೇಳಲಿ.

ನಿನಗೆ ಮುಖ ತೋರಿಸಲಾರದೆ ಬರೆದವಳು,
ಕೊಟ್ರಬಸಮ್ಮ

ಮ.ವಿ.: ಆಸ್ಪತ್ರೆಯಲ್ಲಿ ಹೇಳಿದಳು ಎಂದು ಬರೆದದ್ದು ನಿಜವಲ್ಲ. ಅವತ್ತೇ, ನಿನ್ನನ್ನು ಬಿಟ್ಟು ಹೊರಟಾಗ, ಶಾಲೆಯ ಗೇಟಿನಲ್ಲಿ “ನಾನೇ ಹಚ್ಚೀನವ್ವಾ” ಎಂದು ರಶ್ಮಿ ನನ್ನ ಸೆರಗು ಹಿಡಿದು ಅತ್ತಳು. ನೀನು ಅಳುವುದು ಅಲ್ಲಿಗೆ ಕೇಳುತ್ತಿತ್ತು. ನಾನು ಅವಳ ಬಾಯಿ ಮುಚ್ಚಿ ಮನೆಗೆ ಕರೆತಂದೆ.