ಬಾಗಿಲು ಬಡಿಯಬೇಡಿ

ನಾರ್ತ್ ಈಸ್ಟ್ ವ್ಯಾಲಿ, ಡನೀಡನ್
೧೪ ಜುಲೈ ೧೯೮೭

ಪ್ರೀತಿಯ ಕ್ಯಾಲಮ್,

ನಿನ್ನ ಗಂಟಲು ಹೇಗಿದೆ? ಆಕ್ಲೆಂಡಿನಲ್ಲಿ ಚಳಿ ಅಷ್ಟಿಲ್ಲವಂತೆ. ಹಾಗೆಂದು ಬೆವರಿದ ಅಂಗಿಯಲ್ಲೇ ವ್ಯಾನಿನಲ್ಲಿ ಬಿದ್ದುಕೊಳ್ಳಬೇಡ. ಇಲ್ಲಿ ಕಿಟಕಿಯ ಒಳಮೈಗೇ ಹಿಮ ಕಟ್ಟುತ್ತಿದೆ. ಐಲ್ಸಾ ಚೆನ್ನಾಗಿದ್ದಾಳೆ. ಈ ಮಾತು ಬರೆಯುವ ಮೊದಲು ಎದ್ದುಹೋಗಿ ತೊಟ್ಟಿಲು ನೋಡಿ ಬಂದೆ. ಬರೆದ ಮೇಲೆ ಇನ್ನೊಮ್ಮೆ ಹೋಗಿ ನೋಡಿದೆ.

ನಿಮ್ಮ ಡ್ರಮ್ಮರ್ ಡಗಲ್ ಅಡುಗೆಮನೆಯಲ್ಲಿ ಕೂತು ಚೀಸ್ ರೋಲ್ ಮುಗಿಸುತ್ತಿದ್ದಾನೆ. ನಮ್ಮ ಕ್ಯಾಸೆಟ್ ರೆಕಾರ್ಡಿಂಗ್ ಯಂತ್ರವನ್ನು ನಿನಗೆ ತಲುಪಿಸಲು ವ್ಯಾನ್ ತಂದಿದ್ದಾನೆ. "ನಿನ್ ಗಂಡಂಗೆ ದೊಡ್ಡ ಸ್ಟುಡಿಯೋನೇ ಕೊಟ್ರು ನೈರಿ. ಒಳಗ್ ಹೋದವನು ಹಾಗೇ ವಾಪಸ್ ಬಂದ. ಇಲ್ಲಿ ಎಲ್ಲಾ ಸರಿಯಾಗ್ ಕೇಳ್ಸುತ್ತೆ, ನಂಗಾಗಲ್ಲ ಅಂದ" ಎಂದು ನಗುತ್ತಾನೆ. ನನಗೂ ನಗು ಬಂತು. ಎರಡನೆಯ ಆಲ್ಬಮ್ಮಿಗೂ ಆ ಹಳೆಯ ಪೆಟ್ಟಿಗೆಯೇ ಬೇಕು ನಿನಗೆ.

ನಮ್ಮ ಮೊದಲ ಆಲ್ಬಮ್ ಹೇಗಾಯಿತೆಂದು ನಿನಗೆ ನೆನಪಿದೆ ತಾನೇ? ಮನೆಗೆಲ್ಲ ಒಂದೇ ಹೀಟರ್, ಅದು ಮಗುವಿನ ಕೋಣೆಯಲ್ಲಿ. ಬೆರಳು ಮಡಚಬೇಕಾದರೆ ಅಲ್ಲೇ ಕೂತು ನುಡಿಸಬೇಕಿತ್ತು. ಅವಳು ಏಳಬಾರದೆಂದು ನೀನು ಪಿಸುಗುಟ್ಟಿಕೊಂಡು ಹಾಡಿದೆ. ಡಗಲ್ ಡ್ರಮ್ ಬಿಟ್ಟು, ಕೋಲಿಗೆ ಉಣ್ಣೆಯ ಕಾಲುಚೀಲ ತೊಡಿಸಿ ಸೂಟ್‌ಕೇಸ್ ತಟ್ಟಿದ. ಹೊರಬಾಗಿಲಿಗೆ ನಾನು ಅಂಟಿಸಿದ್ದ 'ಬಾಗಿಲು ಬಡಿಯಬೇಡಿ' ಚೀಟಿಯೇ ಕೊನೆಗೆ ಆಲ್ಬಮ್ಮಿನ ಹೆಸರಾಯಿತು. ಈಗ ಲಂಡನ್ನಿನ ಪತ್ರಿಕೆಯವರು ಅದನ್ನು ಪಿಸುದನಿಯ ಹೊಸ ಶೈಲಿ ಎನ್ನುತ್ತಾರೆ. ಕ್ರೈಸ್ಟ್‌ಚರ್ಚಿನ ಹುಡುಗರೆಲ್ಲ ಪಿಸುಗುಟ್ಟತೊಡಗಿದ್ದಾರೆ, ಒಬ್ಬನ ಮನೆಯಲ್ಲೂ ಮಗುವಿಲ್ಲ! ಮೊನ್ನೆ ಇಬ್ಬರು ವಿದ್ಯಾರ್ಥಿಗಳು ಬಂದು ಸೂಟ್‌ಕೇಸ್ ಮುಟ್ಟಬಹುದೇ ಎಂದು ಕೇಳಿದರು. ಅದರಲ್ಲಿ ಈಗ ಮಗುವಿನ ಬಟ್ಟೆ ಇದೆ ಎಂದೆ. "ಪರವಾಗಿಲ್ಲ, ಹೊರಗಿಂದಾನೇ ಮುಟ್ತೀವಿ" ಅಂದರು. ಎಲ್ಲರೂ ಕೇಳುವುದು ಕೊನೆಯ ಹಾಡಿನ ಬಗ್ಗೆ. ಗಿಟಾರ್ ನಿಂತು, ನಿನ್ನ ದನಿಯೂ ನಿಂತು, ಸೂಟ್‌ಕೇಸಿನ ತಟ್ಟು ಮಾತ್ರ ಉಳಿಯುತ್ತದಲ್ಲ. ಆಮೇಲೆ ನೀನು ದೊಡ್ಡದಾಗಿ ಉಸಿರೆಳೆದು ಹಾಡು ಎತ್ತಿಕೊಳ್ಳುತ್ತೀಯಲ್ಲ, ಅದಕ್ಕೂ ಮುಂಚಿನ ಆ ಮೌನ. ಜನ ಅದಕ್ಕೆ ಪ್ರಾಣ ಬಿಡುತ್ತಾರೆ.

ನಿನಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ನೀನು ಹೋದಾಗಿನಿಂದ ಆ ಯಂತ್ರ ನನ್ನ ಹತ್ತಿರವೇ ಇದೆ. ತೊಟ್ಟಿಲಿಗೆ ಮೈಕ್ ಕಟ್ಟಿ, ಹೆಡ್‌ಫೋನ್ ಹಾಕಿಕೊಂಡು ಅವಳ ಉಸಿರು ಕೇಳುತ್ತೇನೆ. ಮೇಲಿನ ಮನೆಯ ಮೊಯ್ರಾಳ ಕೂಸು ಏಪ್ರಿಲ್‌ನಲ್ಲಿ ಹಾಲು ಕುಡಿದು ಮಲಗಿದ್ದು ಮತ್ತೆ ಏಳಲಿಲ್ಲ. ಜ್ವರವಿಲ್ಲ, ಕೆಮ್ಮಿಲ್ಲ. ತೊಟ್ಟಿಲ ಸಾವು ಎಂದು ಹೆಸರಿಟ್ಟರು, ಕಾರಣ ಯಾರಿಗೂ ತಿಳಿಯದು. ಈ ಕಣಿವೆಯ ತಾಯಂದಿರು ಅಂಗಡಿಯಲ್ಲಿ ಸಿಕ್ಕರೆ ಆ ಮಾತನ್ನೇ ಎತ್ತುವುದಿಲ್ಲ. ಒಬ್ಬರ ಕೂಸಿನ ತಳ್ಳುಗಾಡಿಯೊಳಗೆ ಒಬ್ಬರು ಇಣುಕಿ ನೋಡುತ್ತೇವೆ, ಅಷ್ಟೆ. ಒಮ್ಮೊಮ್ಮೆ ಐಲ್ಸಾಳ ಉಸಿರು ನಿಂತಹಾಗೆ ಕೇಳಿಸುತ್ತದೆ. ಓಡಿ ಹೋಗಿ ಎತ್ತಿಕೊಂಡರೆ ಕೆಂಪಗೆ, ಬೆಚ್ಚಗೆ ಇರುತ್ತಾಳೆ. ಡಾಕ್ಟರ್ ನನ್ನ ಮುಖ ನೋಡಿ, "ಮೊದಲನೇ ಮಗು ಅಲ್ವಾ? ಒಂದ್ ಕಪ್ ಚಹಾ ಕುಡಿದು ನೀವ್ ಮಲ್ಕೊಳಿ" ಅಂದರು. ಪದವಿ ಪಡೆದವಳು ನಾನು, ಭಯಕ್ಕೂ ಸಾಕ್ಷಿ ಬೇಕೆಂದು ಕಲಿತವಳು. ನನ್ನ ಬಳಿ ಇದ್ದದ್ದು ನಿದ್ದೆಗೆಟ್ಟ ಎರಡು ಕಿವಿ ಮಾತ್ರ.

ಆದ್ದರಿಂದ ಯಂತ್ರ ಕಳಿಸುತ್ತೇನೆ. ಅದು ಕಣ್ಣೆದುರಿಗಿದ್ದರೆ ನನಗೆ ಹುಚ್ಚು ಹಿಡಿಯುತ್ತದೆ, ಇಲ್ಲದಿದ್ದರೆ ಏನಾಗುತ್ತದೋ ತಿಳಿಯದು. ನಿನ್ನ ಹಾಡು ಚೆನ್ನಾಗಿ ಬರಲಿ. ಬಿಸಿ ಊಟ ಮಾಡು. ಜೊತೆಯವರಿಗೆಲ್ಲ ನನ್ನ ನೆನಪು ಹೇಳು. ಮಗಳು ನಿನ್ನ ಹಳೆಯ ಸ್ವೆಟರಿನ ತೋಳು ಚೀಪುತ್ತಾ ಮುತ್ತು ಕಳಿಸಿದ್ದಾಳೆ.

ನಿನ್ನ
ನೈರಿ

ಮರೆತ ಮಾತಲ್ಲ, ಈಗಷ್ಟೇ ಆದದ್ದು: ಲಕೋಟೆ ಅಂಟಿಸುವಷ್ಟರಲ್ಲಿ ಮಗುವಿನ ತೂಕ ನೋಡುವ ನರ್ಸ್ ಮಿಸೆಸ್ ಟ್ರೇನರ್ ಬಂದರು. ಒಯ್ಯುವ ಮುನ್ನ ಯಂತ್ರ ಸರಿಯಿದೆಯೇ ನೋಡೋಣವೆಂದು ಡಗಲ್ ಆಲ್ಬಮ್ಮಿನ ಮೂಲ ಟೇಪ್ ಹಾಕಿ, ಒಂದೊಂದು ಮೈಕಿನ ಸದ್ದೂ ಬೇರೆಬೇರೆಯಾಗಿ ಕೇಳುವಂತೆ ಒಂದೊಂದೇ ಗುಂಡಿ ಸರಿಸಿ ಪರೀಕ್ಷಿಸುತ್ತಿದ್ದ: ಗಿಟಾರ್ ಮಾತ್ರ, ಸೂಟ್‌ಕೇಸ್ ಮಾತ್ರ, ಆಮೇಲೆ ನಿನ್ನ ದನಿಯ ಮೈಕ್ ಮಾತ್ರ. ಕೊನೆಯ ಹಾಡಿನಲ್ಲಿ ನೀನು ಸುಮ್ಮನಾದ ಕೂಡಲೇ ಐಲ್ಸಾಳ ಉಸಿರು ಕೇಳಿಸಿತು. ಬೇರೆ ಎಲ್ಲ ಸದ್ದುಗಳ ಅಡಿಯಲ್ಲಿ ಹೂತುಹೋಗಿತ್ತು ಅದು. "ಅಯ್ಯೋ, ಬಂಗಾರ ಗೊರಕೆ ಹೊಡೀತಿದೆ" ಎಂದು ಡಗಲ್ ನಕ್ಕ, ಕಾಲಿನಲ್ಲಿ ತಾಳ ಹಾಕತೊಡಗಿದ. ಉಸಿರು ನಿಂತಿತು. ತಾಳ ನಡೆಯುತ್ತಲೇ ಇತ್ತು, ನಡೆಯುತ್ತಲೇ ಇತ್ತು. ಕೊನೆಗೆ ಡಗಲ್‌ನ ಕಾಲೂ ನಿಂತಿತು. ಆಮೇಲೆ ಆ ದೊಡ್ಡ ಉಸಿರು. ಅದು ನಿನ್ನದಲ್ಲ, ಕ್ಯಾಲಮ್. ಎಂದೂ ನಿನ್ನದಾಗಿರಲಿಲ್ಲ. ಮುಳುಗಿದವರು ಮೇಲೆ ಬಂದು ಎಳೆಯುವ ಉಸಿರು ಅದು, ನಮ್ಮ ಮಗಳದು.

ಮಿಸೆಸ್ ಟ್ರೇನರ್ ತಕ್ಕಡಿಯಿಂದ ಅವಳನ್ನು ಎತ್ತಿಕೊಂಡು, "ಇನ್ನೊಂದ್ ಸಲ ಹಾಕಪ್ಪಾ" ಅಂದರು. ಕೇಳಿದರು. ನನ್ನ ಕಡೆ ತಿರುಗಿ, "ನಿನ್ ಕಿವಿ ಸರಿಯಾಗೇ ಇದೆ ಮಗಳೇ. ಕೋಟ್ ಹಾಕ್ಕೋ, ಆಸ್ಪತ್ರೆಗೆ ನಡಿ. ಆ ಪೆಟ್ಟಿಗೇನೂ ಹೊತ್ಕೊಂಡ್ ಬಾ, ಅವ್ರೂ ಕೇಳ್ಲಿ" ಅಂದರು.

ಯಂತ್ರ ಬರುವುದಿಲ್ಲ. ಡಗಲ್ ನಮ್ಮನ್ನು ಆಸ್ಪತ್ರೆಯಲ್ಲಿ ಇಳಿಸಿ ಈ ಕಾಗದದೊಂದಿಗೆ ನೇರ ನಿನ್ನ ಹತ್ತಿರ ಬರುತ್ತಾನೆ. ಅದೇ ವ್ಯಾನ್ ಹತ್ತಿ ಬಾ. ಅವಳು ನನ್ನ ತೋಳಿನಲ್ಲೇ ಇದ್ದಾಳೆ, ಈ ಸಾಲು ಬರೆಯುವಾಗ ಉಸಿರಾಡುತ್ತಿದ್ದಾಳೆ. ನೀನು ಬಂದಾಗ ನಾವು ಮನೆಯಲ್ಲೇ ಇದ್ದರೆ, ಆ ಚೀಟಿ ನೋಡಿ ಹೊರಗೆ ನಿಲ್ಲಬೇಡ. ಬಡಿ, ಜೋರಾಗಿ ಬಡಿ. ಅವಳು ಬೆಚ್ಚಿ ಎದ್ದು ಅಳಲಿ.