ದಿಬ್ಬದ ಮೇಲೆ ಬರುವ ಒಟಿಪಿ

ಜಿಲ್ಲೆಯ ಉಚಿತ ವೈ-ಫೈ ಯೋಜನೆಯ ಮುಖ್ಯಾಧಿಕಾರಿಗಳೇ,

ಖಾನಾಪುರದಾಚೆಯ ಆ ಕಾಡಿನೂರಿಗೆ ಹೋಗಲು ನನಗೆ ಮುಖವಿಲ್ಲ. ಅಲ್ಲಿನ ಗ್ರಂಥಾಲಯದ ಗೋಡೆಗೆ ತಾವು ಹಾಕಿಸಿದ ವೈ-ಫೈ ಪೆಟ್ಟಿಗೆಯನ್ನು ನಾನು ಸರಿಮಾಡಿ ಬರುತ್ತೇನೆ. ಬೆಳಗಾವಿಯಲ್ಲಿ ಕುಳಿತ ತಮ್ಮ ಕಂಪ್ಯೂಟರು ಮರುದಿನದ ಹೊತ್ತಿಗೆ ಅದನ್ನು ಕೆಡಿಸಿಡುತ್ತದೆ. ತಮ್ಮನ್ನು ಊರವರು ನೋಡಿಲ್ಲ, ನೋಡಿರುವುದು ನನ್ನನ್ನು. ಗುತ್ತಿಗೆದಾರರ ಕೈಕೆಳಗೆ ಈ ಪೆಟ್ಟಿಗೆಗಳ ದುರಸ್ತಿ ಮಾಡುವ ನಾನು ಅವರ ಪಾಲಿಗೆ ಸುಳ್ಳುಬುರುಕಿಯಾಗಿದ್ದೇನೆ.

ಮೊದಲು ತಮ್ಮ ಸಾಧನೆಯನ್ನು ಹೊಗಳಿಬಿಡುತ್ತೇನೆ. ಜಿಲ್ಲೆಯ ಎಲ್ಲ ಪೆಟ್ಟಿಗೆಗಳಿಗೂ ಕಚೇರಿಯಿಂದಲೇ ಒಂದೇ ಸೆಟ್ಟಿಂಗ್. ಪ್ರತಿ ರಾತ್ರಿ ಕಂಪ್ಯೂಟರು ತಾನಾಗಿಯೇ ಎಲ್ಲವನ್ನೂ ತಪಾಸಣೆ ಮಾಡಿ, ಬೇರೆಯಾಗಿ ಕಂಡದ್ದನ್ನು ಹಿಡಿದು ತಿದ್ದುತ್ತದೆ. ಒಳ್ಳೆಯದೇ, ಊರೂರು ತಿರುಗಿ ಸೊಂಟ ಮುರಿದುಕೊಂಡ ನಾವೇ ಇದನ್ನು ಬೇಡಿದ್ದೆವು. ಆದರೆ ಆ ಸೆಟ್ಟಿಂಗಿನಂತೆ ವೈ-ಫೈ ಸಿಗಬೇಕಾದರೆ ಮೊದಲು ಮೊಬೈಲಿಗೆ ಒಟಿಪಿ ಬರಬೇಕು. ಬೆಳಗಾವಿಯ ಮಹಾಂತೇಶ ನಗರದಲ್ಲಿ ಬರುತ್ತದೆ, ಹಿಂಡಲಗಾದಲ್ಲೂ ಬರುತ್ತದೆ. ಆ ಊರಿನಲ್ಲಿ ಮೊಬೈಲ್ ಸಿಗ್ನಲ್ಲೇ ಇಲ್ಲ. ಇಲ್ಲವೆಂದೇ ಅಲ್ಲವೇ ಸ್ವಾಮಿ, ಕೇಬಲ್ ಎಳೆದು ವೈ-ಫೈ ಕೊಟ್ಟದ್ದು? ಒಟಿಪಿ ಬೇಕೆಂದರೆ ಹಳ್ಳ ದಾಟಿ ದಿಬ್ಬ ಹತ್ತಬೇಕು. ಇಳಿದು ಬರುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯನ್ನು ಸರ್ಕಾರಿ ಖರ್ಚಿನಲ್ಲಿ ಜಾರಿಗೆ ತಂದ ಕೀರ್ತಿ ತಮ್ಮದು.

ಬಳಸುವವರ ಗುರುತು ಬೇಕೆನ್ನುವಿರಿ, ನ್ಯಾಯವೇ. ಗ್ರಂಥಪಾಲಕ ಚನ್ನಬಸಯ್ಯನವರು ಗುರುತುಪತ್ರ ನೋಡಿ ಪಾಸ್‌ವರ್ಡ್ ಕೊಡುವಂತೆ ನಾನು ಆ ಪೆಟ್ಟಿಗೆಯನ್ನು ಬದಲಿಸಿದೆ. ಅವತ್ತು ಅಲ್ಲಿ ಹುಸೇನಬೀ ಎಂಬ ತಾಯಿ ಕಾಯುತ್ತಿದ್ದರು. ಮಗಳು ಜನ್ನತ ಚೊಚ್ಚಲ ಬಸುರಿ. ಅಳಿಯ ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯಲ್ಲಿ ದುಡಿಯುತ್ತಾನೆ. ಹೆರಿಗೆಗೆ ತವರಿಗೆ ಕರೆತರಬೇಕು, ಆದರೆ ನೋವು ಶುರುವಾದರೆ ನರ್ಸ್‌ಬಾಯಿಯನ್ನೋ ಜೀಪಿನವನನ್ನೋ ಕರೆಯಲು ಫೋನು ಬೇಕಲ್ಲ? ವೈ-ಫೈ ಮೂಲಕ ಕರೆ ಮಾಡಿಸಿದೆ. ಮಗಳ ದನಿ ಕೇಳಿಸಿತು. ತಾಯಿ ಫೋನನ್ನು ಕಿವಿಯಿಂದ ತೆಗೆದು ನನ್ನ ಮುಖ ನೋಡಿದರು.

"ಬಾಯಾರ, ಈಗೇನೋ ಹತ್ತೇತಿ. ನಾಳಿಗೂ ಹತ್ತತೈತೇನ್ರಿ?"

"ಹತ್ತತೈತ್ರಿ. ಧೈರ್ಯಲೆ ಕರಸ್ರಿ," ಎಂದೆ.

ಅವರು ಕರೆಸಿದರು. ಪೆಟ್ಟಿಗೆ ಮರುದಿನವೇ ಒಟಿಪಿಯ ಹಳೆಯ ಹಾಡು ಹಾಡಿತು. ಈಗ ಜನ್ನತಳಿಗೆ ದಿನ ತುಂಬುತ್ತಿದೆ, ಆ ಕಾಡುರಸ್ತೆಯಲ್ಲಿ ಬೆಳಗಾವಿಗೆ ವಾಪಸ್ ಕರೆದೊಯ್ಯುವುದು ಬೇಡವೆಂದು ನರ್ಸ್‌ಬಾಯಿ ಹೇಳಿದ್ದಾರೆ.

ತಮ್ಮ ಕಚೇರಿಗೆ ಬಂದು ಹೇಳಿದೆ. ಒಂದು ಊರಿಗೆ ವಿನಾಯಿತಿ ಕೊಟ್ಟರೆ ಎಲ್ಲರೂ ಕೇಳುತ್ತಾರಂತೆ. ಕೇಳಲಿ, ಎಲ್ಲರ ಊರಲ್ಲೂ ದಿಬ್ಬ ಹತ್ತುವ ಹಾಗಿದ್ದರೆ ಕೊಡಬೇಕಾದ್ದೇ! ಗೋಡೆಯ ಮೇಲಿನ ಪರದೆ ತೋರಿಸಿದಿರಿ. ಆ ಊರಿನ ಎದುರು ಎಲ್ಲ ಸರಿಯಿದೆ ಎಂಬ ಹಸಿರು ದೀಪ ಉರಿಯುತ್ತಿತ್ತು. ನಮ್ಮಪ್ಪನೂ ಉದ್ಯಮಬಾಗದಲ್ಲಿ ಎರಕ ಹೊಯ್ದವರು. ಅಚ್ಚು ತಪ್ಪಿದೆ ಎಂದು ಕಂಡರೆ ಅಚ್ಚನ್ನು ಒಡೆಯುತ್ತಿದ್ದರು, ಅದೇ ಅಚ್ಚಿಗೆ ರಾತ್ರಿಯೆಲ್ಲ ಕಬ್ಬಿಣ ಸುರಿಯುತ್ತಿರಲಿಲ್ಲ.

ವಿಜಯದಶಮಿಯ ಬನ್ನಿ ಹಬ್ಬದ ದಿನ ಮತ್ತೆ ಹೋದೆ. ಬೈಗುಳ ತಿನ್ನಲು ಸಿದ್ಧಳಾಗಿಯೇ ಹೋಗಿದ್ದೆ, ಬೈದಿದ್ದರೆ ಚೆನ್ನಾಗಿತ್ತು. ಹಿಂದಿನ ದಿನ ಖಂಡೇನವಮಿಯ ಆಯುಧಪೂಜೆಯಲ್ಲಿ ಊರವರು ಕುಡಗೋಲು, ಕೊಡಲಿ, ಬೈಕುಗಳ ಜೊತೆಗೆ ತಮ್ಮ ಪೆಟ್ಟಿಗೆಗೂ ಪೂಜೆ ಮಾಡಿದ್ದರು. ಮೈಮೇಲೆ ವಿಭೂತಿ, ಕೊರಳಿಗೆ ಚೆಂಡುಹೂವು. ಕೆಲಸ ಮಾಡದ ಯಂತ್ರಕ್ಕೂ ಪೂಜೆಯೇ ಎಂದು ಕೇಳಿದ್ದಕ್ಕೆ ಚನ್ನಬಸಯ್ಯನವರು, "ಅದರದೇನ್ ತಪ್ಪೈತ್ರಿ ಬಾಯಾರ, ಪಾಪ," ಎಂದರು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು.

ಮತ್ತೆ ಸರಿಮಾಡಿದೆ. ಆದರೆ ನಾಳೆಯ ಮಾತು ಕೊಡಲಾರೆ ಎಂದು ಹುಸೇನಬೀಯ ಮನೆಗೇ ಹೋಗಿ ಹೇಳಿಬಿಟ್ಟೆ. ಒಳಗೆ ಜನ್ನತ ಗೋಡೆಗೊರಗಿ ಕುಳಿತಿದ್ದಳು, ಅವಳಿಗೂ ಕೇಳಿಸಿತು. ಆ ತಾಯಿ ನನಗೆ ಚಹಾ ಕೊಟ್ಟರು. ಹೊರಡುವಾಗ, ನೆರೆಮನೆಯ ರೇಣವ್ವ ಕೊಟ್ಟು ಹೋಗಿದ್ದ ಬನ್ನಿ ಎಲೆಗಳಲ್ಲಿ ಎರಡನ್ನು ಆರಿಸಿ ನನ್ನ ಕೈಗಿಟ್ಟರು.

"ಒಂದ ನಿಮಗ, ಒಂದ ನಿಮ್ಮ ಸಾಹೇಬರಿಗೆ. ಬಂಗಾರದಂಗ ಇರೂಣು ಅಂದ್ಲು ಅಂತ ಹೇಳ್ರಿ."

ತಮ್ಮ ಪಾಲಿನ ಎಲೆಯನ್ನು ಈ ಪತ್ರದ ಮೂಲಪ್ರತಿಗೆ ಪಿನ್ನು ಹಾಕಿ ಕಳಿಸಿದ್ದೇನೆ. ಬನ್ನಿ ಎಲೆಯನ್ನು ಬಂಗಾರವೆಂದು ಕೊಟ್ಟವರ ಜೊತೆ ಹೇಗೆ ನಡೆದುಕೊಳ್ಳಬೇಕೆಂದು ಈ ಸೀಮೆಯಲ್ಲಿ ಯಾರಿಗೂ ಕಲಿಸಬೇಕಿಲ್ಲ. ರಾತ್ರಿ ತಿದ್ದುವ ಪಟ್ಟಿಯಿಂದ ಆ ಒಂದು ಪೆಟ್ಟಿಗೆಯನ್ನು ಇಂದೇ ಹೊರಗಿಡಿ, ಪಾಸ್‌ವರ್ಡ್ ವ್ಯವಸ್ಥೆ ಉಳಿಯಲಿ. ತಮ್ಮ ಕಚೇರಿಯಲ್ಲಿ ಇದು ಒಂದು ಚಹಾ ಮುಗಿಯುವಷ್ಟರ ಕೆಲಸ. ಆಗದು ಎಂದಾದರೆ ಆ ಎಲೆಯನ್ನು ನನ್ನ ಕೈಗೆ ಹಿಂತಿರುಗಿಸಬೇಡಿ. ತಾವೇ ಹೋಗಿ, ಜನ್ನತಳ ಎದುರಿಗೆ, ಹುಸೇನಬೀಯ ಕೈಗೆ ಕೊಟ್ಟು ಬನ್ನಿ. ನನ್ನಿಂದಾಗದು.

ಇಂತಿ,
"ಹತ್ತತೈತ್ರಿ, ಧೈರ್ಯಲೆ ಕರಸ್ರಿ" ಎಂದಿದ್ದ
ಪೂರ್ಣಿಮಾ
ಮಹಾಂತೇಶ ನಗರ, ಬೆಳಗಾವಿ